ಬ್ರೀದರ್‌ನಿಂದ ಆಯಿಲ್ ಜಿನುಗಿದರೆ

ಪ್ರಶ್ನೆ: ಕಾರಿನ ಗೇರ್ ಆಯಿಲ್ ಬದಲಿಸಿದ ಮೇಲೆ ಚಾರ್ಮಾಡಿ ಘಾಟಿ ಹತ್ತಿ ಬಂದರೆ ಸಾಕು, ಗೇರ್‌ಬಾಕ್ಸ್ ಮೇಲಿನ ಬ್ರೀದರ್ (ಒಳಗಿನ ಒತ್ತಡ ಹೊರಬಿಡುವ ಗಾಳಿಕಿಂಡಿ) ಸುತ್ತ ಆಯಿಲ್ ಜಿನುಗಿರುತ್ತದೆ. ಸೀಲ್ ಹೋಗಿದೆಯೇ?
– ಓದುಗರು, ಮೂಡಿಗೆರೆ

ಉತ್ತರ: ಸೀಲ್ ಬಿಚ್ಚಿಸುವ ಆತುರ ಬೇಡ. ಆಯಿಲ್ ಹೆಚ್ಚಾಗಿರುವ ಅನುಮಾನವೇ ಮೊದಲು. ಬಿಸಿಗೆ ಹಿಗ್ಗಿ, ಗೇರ್ ಕಡೆದು ನೊರೆಯಾಗಿ ಬ್ರೀದರ್‌ನಿಂದ ಉಕ್ಕುತ್ತದೆ. ಕಾರನ್ನು ಸಮತಟ್ಟಾದ ಜಾಗದಲ್ಲಿ (ಕಾಫಿ ಕಣವಾದರೂ ಸರಿ) ನಿಲ್ಲಿಸಿ, ತಣ್ಣಗಾದ ಮೇಲೆ ಗೇರ್‌ಬಾಕ್ಸ್ ಪಕ್ಕದಲ್ಲಿ ಆಯಿಲ್ ತುಂಬುವ ತೂತಿನ ಫಿಲ್ಲರ್ ಬೋಲ್ಟ್ ಬಿಚ್ಚಿ. ಬಹುತೇಕ ಮ್ಯಾನುಯಲ್ ಗೇರ್‌ಬಾಕ್ಸ್‌ಗಳಲ್ಲಿ ಆ ತೂತಿನ ಕೆಳ ಅಂಚೇ ಆಯಿಲ್ ಇರಬೇಕಾದ ಮಟ್ಟ. ಹೆಚ್ಚಿನದು ಸುರಿದು ನಿಂತ ಮೇಲೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಆಯಿಲ್ ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ. ಕಾರಿನ ಕೈಪಿಡಿ ಜಿಎಲ್-4 (ಗೇರ್ ಆಯಿಲ್‌ನ ಒಂದು ದರ್ಜೆ) ಎಂದರೆ ಅದನ್ನೇ ಹಾಕಿ. ಬ್ರೀದರ್ ಕ್ಯಾಪ್‌ನ ಕೆಸರು ತೆಗೆದು ಗಾಳಿಯಾಡುವಂತೆ ಮಾಡಿ. ಅದನ್ನು ಮುಚ್ಚಿಬಿಡುವ ಉಪಾಯ ಬೇಡವೇ ಬೇಡ: ಒತ್ತಡ ಏರಿ ಆಕ್ಸಲ್ ಸೀಲ್ ನಿಜವಾಗಿಯೂ ಸೋರತೊಡಗುತ್ತದೆ.