ಹಾಳೆ ತಟ್ಟೆ ಮೇಲೆ ಬಣ್ಣ ಸುರಿಯೋ ಮುಂಚೆ

ಪ್ರಶ್ನೆ: ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಪೋರಿಂಗ್ (ಬಣ್ಣ ಸುರಿದು ಹರಿಸಿ ಚಿತ್ರ ಮಾಡುವುದು) ಮಾಡುತ್ತೇನೆ, ಚೆನ್ನಾಗೇ ಬರುತ್ತದೆ. ಮನೆಯಲ್ಲಿದ್ದ ಅಡಿಕೆ ಹಾಳೆ ತಟ್ಟೆಗಳ ಮೇಲೆ ಸುರಿದೆ. ತಟ್ಟೆ ಸೊಟ್ಟಗಾಯಿತು, ಬಣ್ಣ ಬಿರುಕು ಬಿಟ್ಟಿತು, ಆಮೇಲೆ ಹಿಂದುಗಡೆ ಬೂಷ್ಟು ಬಂತು. ಹಳೇ ಹೆಂಚಿನ ಮೇಲೂ ಮಾಡುವ ಆಸೆ ಇದೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೂರಕ್ಕೂ ನೀರೇ ಕಾರಣ. ಅಕ್ರಿಲಿಕ್ ಬಣ್ಣ ಅಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್‌ನ ಸಣ್ಣ ಕಣಗಳು ಮತ್ತು ಬಣ್ಣದ ಪುಡಿ. ನೀರು ಆರಿದ ಹಾಗೆ ಕಣಗಳು ಅಂಟಿಕೊಂಡು ಪೊರೆ ಕಟ್ಟುತ್ತವೆ. ಪೋರಿಂಗ್‌ನಲ್ಲಿ ಬಣ್ಣದ ಪದರ ದಪ್ಪ, ನೀರೂ ಜಾಸ್ತಿ. ಹಾಳೆ ಆ ನೀರನ್ನು ಹೀರಿಕೊಂಡು ಉಬ್ಬುತ್ತದೆ, ಬಿಸಿ ಅಚ್ಚಿನಲ್ಲಿ ಒತ್ತಿ ಕೊಟ್ಟ ಆಕಾರ ಬಿಟ್ಟು ತನ್ನ ಹಳೇ ಬಾಗಿಗೆ ತಿರುಗುತ್ತದೆ, ಮೇಲಿನ ಹಸಿ ಪೊರೆ ಅದನ್ನು ತಡೆಯಲಾರದೆ ಸೀಳುತ್ತದೆ. ಹಾಳೆ ಹೀರಿದ ಥಂಡಿಗೇ ಹಿಂದುಗಡೆ ಬೂಷ್ಟು ಬರುವುದು.

ಹಾಗಾಗಿ ಮೊದಲು ಹಾಳೆಯ ಬಾಯಿ ಮುಚ್ಚಬೇಕು. ತಟ್ಟೆಯನ್ನು ಚೆನ್ನಾಗಿ ಒಣಗಿಸಿ, ಸಣ್ಣ ಸ್ಯಾಂಡ್ ಪೇಪರ್‌ನಲ್ಲಿ ತಿಕ್ಕಿ, ಜೆಸ್ಸೋ (ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ತಳಪದರ) ಅಥವಾ ಅಕ್ರಿಲಿಕ್ ಪ್ರೈಮರನ್ನು ತೆಳುವಾಗಿ ಎರಡು ಕೋಟ್ ಬಳಿಯಿರಿ. ಹಿಂದುಗಡೆಗೂ, ಅಂಚಿಗೂ ಬಳಿಯಿರಿ, ಹೆಚ್ಚಿನವರು ಬಿಡುವುದು ಇದನ್ನೇ. ಒಂದೇ ಮಗ್ಗುಲಿಗೆ ಬಳಿದರೆ ಆ ಕಡೆಗೇ ಎಳೆದುಕೊಳ್ಳುತ್ತದೆ. ಬಡಗಿಗಳ ಬಿಳಿ ಅಂಟು ಅಗ್ಗ ಅಂತ ಅದನ್ನೇ ಬಳಿಯುವವರಿದ್ದಾರೆ, ಆದರೆ ಅದು ಥಂಡಿಗೆ ಮತ್ತೆ ಮೆತ್ತಗಾಗುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ಅದು ಬೇಡ.

ನನಗಂತೂ ಹಾಳೆಯನ್ನು ಪೂರ್ತಿ ಮುಚ್ಚುವುದು ಇಷ್ಟವಿಲ್ಲ. ಅದರ ಗೆರೆ, ಅಲ್ಲಲ್ಲಿ ಬಿದ್ದ ಕಂದು ಕಲೆ ಎಷ್ಟು ಚೆಂದ, ಅಲ್ವಾ? ಅರ್ಧಕ್ಕೆ ಮಾತ್ರ ಬಣ್ಣ ಹರಿಸಿ, ಉಳಿದ ಕಡೆ ಪ್ರೈಮರ್ ಬದಲು ಬಣ್ಣವಿಲ್ಲದ ಅಕ್ರಿಲಿಕ್ ವಾರ್ನಿಷ್ ಬಳಿದು ನೋಡಿ. ಇನ್ನೊಂದು ಮಾತು, ಬಣ್ಣ ಸುರಿದ ತಟ್ಟೆ ಗೋಡೆಗೆ ಮಾತ್ರ, ಊಟಕ್ಕಲ್ಲ.

ಹೆಂಚಿಗೂ ಇದೇ ದಾರಿ. ಪಾಚಿ ತಿಕ್ಕಿ ತೆಗೆದು, ಬಿಸಿಲಲ್ಲಿ ದಿನಗಟ್ಟಲೆ ಒಣಗಿಸಿ. ಒಳಗೆ ಥಂಡಿ ಉಳಿದರೆ ಅದು ಹೊರಬರುವಾಗ ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. ಮಣ್ಣಿನ ತೂತುಗಳೊಳಗಿನ ಗಾಳಿಯೂ ಗುಳ್ಳೆಯಾಗಿ ಮೇಲೆ ಬರುತ್ತದೆ, ಅದಕ್ಕೇ ಪ್ರೈಮರ್ ಬೇಕು. ಸುರಿದ ಮೇಲೆ ಗಾರೆಯವರ ರಸಮಟ್ಟ ಇಟ್ಟು ಸಮ ನೋಡಿ, ಇಲ್ಲದಿದ್ದರೆ ರಾತ್ರಿಯೆಲ್ಲ ಒಂದೇ ಕಡೆ ಹರಿದಿರುತ್ತದೆ. ಜಡಿಮಳೆಯಲ್ಲಿ ಒಣಗಲು ವಾರ ದಾಟಬಹುದು. ಅವಸರಕ್ಕೆ ಬಿಸಿ ಗಾಳಿ ಹಿಡಿಯಬೇಡಿ, ಮೇಲೆ ಸಿಪ್ಪೆ ಕಟ್ಟಿ ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ.

ಪ್ರಶ್ನೆ: ಪೋರಿಂಗ್‌ನಲ್ಲಿ ಸಿಲಿಕೋನ್ ಎಣ್ಣೆ ಹಾಕದೆಯೂ ಬಣ್ಣದಲ್ಲಿ ಕಣ್ಣು ಕಣ್ಣಾಗಿ ದುಂಡು ಕಲೆ ಮೂಡಿಸಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಆಗುತ್ತದೆ. ಟೈಟಾನಿಯಂ ಬಿಳಿಯ ಪುಡಿ ಬಲು ಭಾರ. ಅದನ್ನು ಹಗುರ ಬಣ್ಣದ ಮೇಲೆ ಸುರಿದರೆ ಬಿಳಿ ಕೆಳಗಿಳಿಯುತ್ತದೆ, ಕೆಳಗಿನದು ಸೀಳಿಕೊಂಡು ಮೇಲೆ ಬರುತ್ತದೆ. ಮೆಕ್ಸಿಕೋದ ಕಲಾವಿದ ಸಿಕೇರೋಸ್ 1930ರ ದಶಕದಲ್ಲೇ ಮರದ ಹಲಗೆ ಮೇಲೆ ಹೀಗೆ ಬಣ್ಣ ಸುರಿದು ಚಿತ್ರ ಮಾಡಿದ್ದರು. ಎಣ್ಣೆ ಹಾಕಿದರೂ ತಪ್ಪೇನಿಲ್ಲ, ಆದರೆ ವಾರ್ನಿಷ್‌ಗೆ ಮುಂಚೆ ಅದನ್ನು ಪೂರ್ತಿ ಒರೆಸಬೇಕು. ಎಣ್ಣೆ ಉಳಿದ ಕಡೆ ವಾರ್ನಿಷ್ ಹಿಡಿಯುವುದಿಲ್ಲ.