ಇವಾನ್ಸ್ ಗ್ಯಾಂಬಿಟ್ ಆಡುವುದಾದರೆ ಕೊಟ್ಟ ಕಾಲಾಳಿನ ಆಸೆ ಬಿಡಿ

ನಿಮ್ಮ ಪ್ರಶ್ನೆ ಇಷ್ಟು: ಕಾಸರಗೋಡಿನ ಬದಿಯಡ್ಕ ಕಡೆಯ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದೀರಿ. ಮೊಬೈಲ್ ಚೆಸ್‌ನಲ್ಲಿ ಇವಾನ್ಸ್ ಗ್ಯಾಂಬಿಟ್ (ಮೊದಲಲ್ಲೇ ಒಂದು ಕಾಲಾಳನ್ನು ಬಲಿಕೊಡುವ ಆರಂಭ) ಆಡಿ ಬೇಗ ಬೇಗ ಗೆಲ್ಲುತ್ತೀರಿ. ಗಡಿಯಾರವಿಟ್ಟು ಎದುರೆದುರು ಕೂತು ಆಡುವ ಪಂದ್ಯಗಳಲ್ಲಿ ಮಾತ್ರ ಎದುರಾಳಿ ತಿಂದ ಕಾಲಾಳನ್ನು ವಾಪಸು ಕೊಟ್ಟುಬಿಡುತ್ತಾನೆ, ರಾಣಿಗಳು ಹೋಗುತ್ತವೆ, ಆಮೇಲೆ ನಿಧಾನವಾಗಿ ಸೋಲುತ್ತೀರಿ. ತರಬೇತುದಾರರು ‘ಗ್ಯಾಂಬಿಟ್ ಚಟ ಬಿಡು’ ಎನ್ನುತ್ತಾರೆ. ಬಿಡಬೇಕೇ?

ಬಿಡಬೇಡಿ. ನಾನು ಕುಂಬಳೆ, ನೀರ್ಚಾಲು ಕಡೆಯ ಮಕ್ಕಳಿಗೆ ಸಂಜೆ ಹೊತ್ತು ಚೆಸ್ ಹೇಳಿಕೊಡುತ್ತೇನೆ. ನಡೆಗಳು ತಿಳಿದ ಮಕ್ಕಳಿಗೆ ನಾನು ಮೊದಲು ಕಲಿಸುವ ಆರಂಭವೇ ಇದು. ಕಾಲಾಳನ್ನು ಕೊಟ್ಟದ್ದು ಎದುರಾಳಿಯ ರಾಜನನ್ನು ಹೊಡೆಯಲಿಕ್ಕೆ ಎಂದು ನೀವು ನಂಬಿದ ಹಾಗಿದೆ. ಅದನ್ನು ಕೊಡುವುದು ಸಮಯಕ್ಕಾಗಿ.

ನಡೆಗಳನ್ನು ಎಣಿಸಿ ನೋಡಿ. ಬಿಳಿ ಕಾಯಿಗಳು ನಿಮ್ಮವು; ಒಂದು ನಡೆ ನಿಮ್ಮದು, ಮುಂದಿನದು ಅವನದು. ಅಕ್ಷರ ಪಟದ ಉದ್ದಸಾಲು, ಅಂಕಿ ಅಡ್ಡಸಾಲು. ಇ4, ಇ5, ಕುದುರೆ ಎಫ್3, ಕುದುರೆ ಸಿ6, ಒಂಟೆ ಸಿ4, ಒಂಟೆ ಸಿ5, ಆಮೇಲೆ ನಾಲ್ಕನೆಯ ನಡೆ ಬಿ4. (ಓರೆಯಾಗಿ ಹೋಗುವ ಕಾಯಿಯನ್ನು ನಾನು ಒಂಟೆ ಎನ್ನುತ್ತಿದ್ದೇನೆ. ನಿಮ್ಮ ತರಬೇತುದಾರರು ಮಲಯಾಳಂನಲ್ಲಿ ಹೇಳಿಕೊಡುವವರಾದರೆ ಅದನ್ನೇ ಆನೆ ಎನ್ನುತ್ತಾರೆ. ನಡೆ ಬರೆದುಕೊಳ್ಳುವಾಗ ಗೊಂದಲವಾಗದಿರಲಿ.) ಕಪ್ಪು ಒಂಟೆ ಬಿ4ರ ಕಾಲಾಳನ್ನು ತಿನ್ನುತ್ತದೆ. ನೀವು ಸಿ3 ತಳ್ಳಿದ ಕೂಡಲೇ ಅದು ಏಳಬೇಕು, ಹೆಚ್ಚಾಗಿ ಎ5ಕ್ಕೆ ಹೋಗುತ್ತದೆ, ಅಲ್ಲಿಂದ ಮುಂದೆ ಬಿ6ಕ್ಕೆ. ಸಿ5, ಬಿ4, ಎ5, ಬಿ6: ಒಂದೇ ಕಾಯಿ ನಾಲ್ಕು ಸಲ ನಡೆದದ್ದಾಯಿತು. ಅಷ್ಟರಲ್ಲಿ ನಿಮ್ಮ ಸಿ3, ಡಿ4 ಎರಡೂ ಬಂದಿವೆ, ಪಟದ ನಡುಭಾಗ ನಿಮ್ಮ ಕೈಯಲ್ಲಿದೆ, ರಾಜ ಕೋಟೆಯೊಳಗಿದ್ದಾನೆ (ಅಂದರೆ ಕ್ಯಾಸ್ಲಿಂಗ್ ಆಗಿದೆ). 1820ರ ದಶಕದಲ್ಲಿ ವೇಲ್ಸ್‌ನ ಹಡಗಿನ ಕಪ್ತಾನ ವಿಲಿಯಂ ಡೇವಿಸ್ ಇವಾನ್ಸ್ ಇದನ್ನು ಆಡತೊಡಗಿದಾಗಿನಿಂದಲೂ ಲೆಕ್ಕ ಇದೇ.

ನಮಗೆಲ್ಲ ಈ ಆರಂಭದ ಹುಚ್ಚು ಹಿಡಿಸುವುದು 1852ರಲ್ಲಿ ಬರ್ಲಿನ್‌ನಲ್ಲಿ ಜರ್ಮನ್ ಆಟಗಾರ ಆಂಡರ್ಸನ್ ಆಡಿದ ‘ಎವರ್‌ಗ್ರೀನ್’ ಪಂದ್ಯ: ರಾಣಿಯ ಬಲಿ, ಎರಡು ಒಂಟೆಗಳಿಂದ ಚೆಕ್‌ಮೇಟ್. ಚೆಂದದ ಆಟ, ಬಾಯಿಪಾಠ ಮಾಡಿಕೊಳ್ಳಿ. ಆದರೆ ನಿಮ್ಮ ಸಮಸ್ಯೆಗೆ ಉತ್ತರ ಇರುವುದು 1995ರಲ್ಲಿ ರಿಗಾದಲ್ಲಿ, ತಾಲ್ ಸ್ಮಾರಕ ಟೂರ್ನಿಯಲ್ಲಿ, ಆಗಿನ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ನಮ್ಮ ಆನಂದ್ ವಿರುದ್ಧ ಆಡಿದ ಪಂದ್ಯದಲ್ಲಿ. ಆನಂದ್ ಒಂಟೆಯನ್ನು ಇ7ಕ್ಕೆ ಸರಿಸಿದರು, ಮರುನಡೆಯಲ್ಲಿ ಕುದುರೆಯನ್ನು ಎ5ಕ್ಕೆ ತಂದು ಸಿ4ರ ಒಂಟೆಯನ್ನು ಕೆಣಕಿದರು. ಆಗ ಬಿಳಿ ಕುದುರೆ ಇ5ರಲ್ಲಿ ತಿಂದರೆ ಕೊಟ್ಟ ಕಾಲಾಳು ವಾಪಸು ಬರುತ್ತದೆ. ಕ್ಯಾಸ್ಪರೋವ್ ತಿನ್ನಲಿಲ್ಲ. ಎದುರಾಳಿ ರಾಜನ ಪಕ್ಕದ ಎಫ್7ರ ಮೇಲೆ ಕಣ್ಣಿಟ್ಟಿದ್ದ ಒಂಟೆಯನ್ನು ಇ2ಕ್ಕೆ ಹಿಂದೆಳೆದುಕೊಂಡರು! ಜಗತ್ತಿನ ಅತಿ ಉಗ್ರ ಆಟಗಾರ, ಅತಿ ಉಗ್ರ ಆರಂಭದಲ್ಲಿ, ಏಳನೆಯ ನಡೆಗೆ ಹಿಂದೆ ಸರಿಯುತ್ತಾನೆ. ಈ ಒಂದು ನಡೆಯ ಎದುರು ಅರ್ಧ ಗಂಟೆ ಕೂರಿ.

ಆಮೇಲೆ ಆನಂದರ ಕುದುರೆಗಳನ್ನು ಎಣಿಸಿ. ಒಂದು ಸಿ6, ಎ5, ಮತ್ತೆ ಸಿ6. ಇನ್ನೊಂದು ಎಫ್6, ಡಿ5, ಬಿ6, ಡಿ7. ಈ ನಡುವೆ ಕ್ಯಾಸ್ಪರೋವರ ರಾಣಿ ಜಿ3ಕ್ಕೆ ಬಂದು ಜಿ7ನ್ನು ಒತ್ತಿತು, ಆನಂದ್ ಜಿ6 ತಳ್ಳಬೇಕಾಯಿತು, ಹಾಗೆ ತೆರವಾದ ಎಚ್6ರಲ್ಲಿ 15ನೆಯ ನಡೆಗೆ ಬಿಳಿ ಒಂಟೆ ಬಂದು ಕೂತಿತು. ಕೋಟೆಯ ಬಾಗಿಲು ಮುಚ್ಚಿತು. ಆನಂದರಂಥ ಆನಂದ್ 25 ನಡೆಗಳಲ್ಲಿ, ಕೋಟೆ ಕಟ್ಟದೆಯೇ ಸೋಲೊಪ್ಪಿದರು.

ಈಗ ನಿಮ್ಮ ಸೋಲುಗಳಿಗೆ ಬರೋಣ. ನಿಮ್ಮ ಎದುರಾಳಿಗಳು ಆಡುತ್ತಿರುವುದು ಲಾಸ್ಕರ್ ರಕ್ಷಣೆ. ಒಂಟೆ ಎ5ಕ್ಕೆ ಹೋದ ಮೇಲೆ ನೀವು ಕೋಟೆ ಕಟ್ಟಿ ಡಿ4 ತಳ್ಳುತ್ತೀರಿ. ಅವನು ಡಿ6 ಆಡಿ ಒಂಟೆಯನ್ನು ಬಿ6ಕ್ಕೆ ಇಳಿಸುತ್ತಾನೆ. ಕಾಲಾಳು ಸಿಗುತ್ತದೆಂದು ನೀವು ಇ5ರಲ್ಲಿ ತಿನ್ನುತ್ತೀರಿ, ಅವನೂ ತಿನ್ನುತ್ತಾನೆ, ರಾಣಿಗಳು ಡಿ8ರಲ್ಲಿ ಮುಗಿಯುತ್ತವೆ, ನಿಮ್ಮ ಕುದುರೆ ಇ5ರಲ್ಲಿ ತಿನ್ನುತ್ತದೆ. ಲೆಕ್ಕ ಸರಿಸಮ. ಆದರೆ ನಿಮ್ಮ ಎ2, ಸಿ3 ಕಾಲಾಳುಗಳಿಗೆ ಅಕ್ಕಪಕ್ಕ ಯಾರೂ ಇಲ್ಲ, ಅವನ ಸಾಲು ಗಟ್ಟಿಯಾಗಿದೆ. ಅಷ್ಟು ಕಷ್ಟಪಟ್ಟು ಕೊಂಡ ಸಮಯವನ್ನೆಲ್ಲ ತೆತ್ತು ಒಂದು ಕಾಲಾಳನ್ನು ಬಿಡಿಸಿಕೊಂಡಿದ್ದೀರಿ. ತೋಟಕ್ಕೆ ಹಾಕಿದ ಗೊಬ್ಬರವನ್ನು ಮರುದಿನ ಬಾಚಿಕೊಂಡು ಬಂದರೆ ಅಡಿಕೆ ಎಲ್ಲಿಂದ ಬರಬೇಕು?

ಬದಲಿಗೆ ಆರನೆಯ ನಡೆಗೇ ಡಿ4 ತಳ್ಳಿ. ಅವನು ಡಿ6 ಆಡಿದರೆ ರಾಣಿಯನ್ನು ಬಿ3ಕ್ಕೆ ತನ್ನಿ. ಎಫ್7ರ ಮೇಲೆ ಈಗ ಎರಡು ಕಾಯಿಗಳ ಒತ್ತಡ. ಅವನ ರಾಣಿ ಡಿ7ಕ್ಕೆ ಬಂದು ಕಾಯುವುದೇ ಒಳ್ಳೆಯ ಉತ್ತರ, ಆದರೆ ಅಲ್ಲಿ ಅದು ತನ್ನದೇ ಸಿ8 ಒಂಟೆಗೆ ಅಡ್ಡ. ಇನ್ನು ನೀವು ಇ5ರಲ್ಲಿ ತಿಂದರೂ ರಾಣಿಗಳ ವಿನಿಮಯವಿಲ್ಲ. ಚೆನ್ನಾಗಿ ಓದಿಕೊಂಡ ಎದುರಾಳಿಗೆ ಇಲ್ಲೂ ಸರಿಸಮದ ಆಟ ಸಿಗುತ್ತದೆ. ಸಿಗಲಿ, ಕಾಯಿಗಳು ತುಂಬಿದ ಪಟ ನಿಮಗೆ ಬೇಕಾದದ್ದು, ಅದು ಉಳಿದಿದೆ.

ಎಲ್ಲವನ್ನೂ ತಿನ್ನುವವರೂ ಇದ್ದಾರೆ. ಕಳೆದ ಮಳೆಗಾಲದ ಉಪಜಿಲ್ಲಾ ಪಂದ್ಯದಲ್ಲಿ ನಮ್ಮ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳ ಎದುರಾಳಿ ಬಿ4, ಡಿ4, ಸಿ3 ಮೂರನ್ನೂ ತಿಂದ. ಸಿ3ಕ್ಕೆ ಬಂದ ಕಪ್ಪು ಕಾಲಾಳನ್ನು ಅವಳು ಕೂಡಲೇ ತಿನ್ನಬಹುದಿತ್ತು. ಮುಟ್ಟಲಿಲ್ಲ. ಮೊದಲು ರಾಣಿ ಬಿ3, ಅವನ ರಾಣಿ ಎಫ್6ಕ್ಕೆ ಬಂದಾಗ ಇ5 ತಳ್ಳಿ ಅದನ್ನು ಜಿ6ಕ್ಕೆ ಓಡಿಸಿ, ಆಮೇಲೆ ನಿಧಾನವಾಗಿ ಕುದುರೆಯಿಂದ ಸಿ3. ಆಟ ಮುಗಿದಾಗಲೂ ಅವನ ಎ8 ಆನೆ, ಸಿ8 ಒಂಟೆ ಹೊರಟ ಮನೆಯಲ್ಲೇ ಇದ್ದವು. ಅವಳ ಗೆಲುವಿಗಿಂತ ಆ ಸಿ3ರ ತಾಳ್ಮೆ ನನಗೆ ಹೆಚ್ಚು ಸಂತೋಷ ಕೊಟ್ಟಿತು.

ನಿಮ್ಮ ತರಬೇತುದಾರರ ಆತಂಕ ಸುಳ್ಳಲ್ಲ. ಬಲೆ ಬೀಸುವುದಕ್ಕಷ್ಟೇ ಗ್ಯಾಂಬಿಟ್ ಆಡುವ ಮಕ್ಕಳು ಬಲೆ ಹರಿದ ಕೂಡಲೇ ಮಂಕಾಗುತ್ತಾರೆ. ತರಬೇತುದಾರರ ಬಳಿ ಆನೆ ಮತ್ತು ಕಾಲಾಳುಗಳ ಅಂತ್ಯದಾಟವನ್ನು ಶ್ರದ್ಧೆಯಿಂದ ಕಲಿಯಿರಿ. ರಾಣಿಗಳು ಹೋದ ಮೇಲೂ ಕೂತು ಆಡಬಲ್ಲವನಿಗೆ ಬಿ4 ತಳ್ಳುವಾಗ ಕೈ ನಡುಗುವುದಿಲ್ಲ.

ಇನ್ನು, ಮೂರನೆಯ ನಡೆಯಲ್ಲಿ ಎದುರಾಳಿ ಒಂಟೆಯ ಬದಲು ಕುದುರೆಯನ್ನು ಎಫ್6ಕ್ಕೆ ತಂದರೆ ಇವಾನ್ಸ್ ಬರುವುದೇ ಇಲ್ಲ. ಅಲ್ಲಿ ಡಿ4 ತಳ್ಳಿ, ಅವನು ತಿಂದರೆ ಕೋಟೆ ಕಟ್ಟಿ. ಕುದುರೆ ಇ4 ತಿಂದರೆ ಆನೆ ಇ1. ಅವನು ಡಿ5 ಎಂದರೆ ಒಂಟೆಯಿಂದ ತಿನ್ನಿ, ರಾಣಿ ಒಂಟೆಯನ್ನು ತಿಂದ ಮೇಲೆ ಕುದುರೆ ಸಿ3. ಆ ಕುದುರೆಯನ್ನು ಡಿ4ರ ಕಾಲಾಳು ತಿಂದರೆ ಅವನ ರಾಣಿ ಹೋಗುತ್ತದೆ. ಇ4ರ ಕುದುರೆ ರಾಜನಿಗೆ ಅಡ್ಡ ನಿಂತಿರುವುದರಿಂದ ಕದಲುವಂತಿಲ್ಲ.