‘ಓದಿ ಓದಿ ಕಾಲು ಒತ್ತುತ್ತೀಯಾ?’

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿ. ಕಬಡ್ಡಿಯಲ್ಲಿ ರೈಡರ್. ಒಂದೂವರೆ ವರ್ಷದಲ್ಲಿ ಬಲಗಾಲು ಮೂರು ಸಲ ಉಳುಕಿದೆ. ಈಗ ಊತ, ನೋವು ಇಲ್ಲ. ನಿಮ್ಮ ಹಾಗೆ ಕ್ರೀಡಾ ಫಿಸಿಯೋಥೆರಪಿಸ್ಟ್ ಆಗುವ ಆಸೆ. ಅಪ್ಪ ‘ಓದಿ ಓದಿ ಜನರ ಕಾಲು ಒತ್ತುತ್ತೀಯಾ?’ ಅಂತಾರೆ. ಈ ಕೆಲಸ ನಿಜಕ್ಕೂ ಹೇಗಿರುತ್ತದೆ?
– ಹೆಸರು ಬೇಡ ಎಂದವರು, ತಿಪಟೂರು

ಉತ್ತರ: ಈ ಮಾತು ನಮ್ಮ ಮನೆಯಲ್ಲೂ ಬಂದಿತ್ತು. ನಮ್ಮಜ್ಜಿಯಂತೂ ನಾನು ಕೆಲಸಕ್ಕೆ ಸೇರಿದ ವಾರವೇ ಕೊಬ್ಬರಿ ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಕಾಲು ಚಾಚಿ ಕೂತಿದ್ದರು. ಹದಿನಾಲ್ಕು ವರ್ಷ ಆಯ್ತು. ಕಾಲು ಒತ್ತುತ್ತೇನೆ, ಸುಳ್ಳಲ್ಲ. ಆದರೆ ಒತ್ತಿಸಿಕೊಂಡವರು ಹಾಯ್ ಅನ್ನುವುದಿಲ್ಲ, ಕಿರುಚುತ್ತಾರೆ.

ಆಗಷ್ಟೇ ಉಳುಕಿದ ಕಾಲು ಬಂದರೆ ಮೊದಲು ನಾಲ್ಕು ಹೆಜ್ಜೆ ನಡೆಸುತ್ತೇನೆ. ಆಮೇಲೆ ಕಣಕಾಲಿನ ಎರಡೂ ಬದಿಯ ಉಬ್ಬು ಮೂಳೆಯ ಹಿಂದಿನ ಅಂಚನ್ನು ತುದಿಯಿಂದ 6 ಸೆಂ.ಮೀ. ಮೇಲಿನವರೆಗೂ ಬೆರಳಿನಿಂದ ಒತ್ತಿ ನೋಡುತ್ತೇನೆ. ಕಿರುಬೆರಳಿನ ನೇರಕ್ಕೆ ಪಾದದ ನಡುವೆ ಇನ್ನೊಂದು ಉಬ್ಬು ಇದೆ, ಅಲ್ಲೂ. ಹೆಜ್ಜೆ ಇಡಲು ಆಗಲಿಲ್ಲ, ಇಲ್ಲವೇ ಮೂಳೆ ಮುಟ್ಟಿದರೆ ‘ಅಮ್ಮಾ’ ಅಂದರು ಎಂದರೆ ಎಕ್ಸ್‌ರೇಗೆ ಕಳಿಸುತ್ತೇನೆ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮ ಇದು. ಯಂತ್ರ ಬೇಡ, ಮ್ಯಾಟ್ ಪಕ್ಕದಲ್ಲಿ ಕೂತೇ ನೋಡಬಹುದು.

ಕಷ್ಟ ಇರುವುದು ನೋವು ಹೋದ ಮೇಲೆ. ನನ್ನ ಎರಡನೇ ವರ್ಷದಲ್ಲಿ ನಿಮ್ಮಂಥದ್ದೇ ಒಬ್ಬ ರೈಡರ್ ಬಂದಿದ್ದ. ಎದುರಾಳಿ ಆಂಕಲ್ ಹೋಲ್ಡ್ ಹಾಕಿದ್ದಾನೆ, ಅಂದರೆ ಕಣಕಾಲನ್ನೇ ಗಟ್ಟಿಯಾಗಿ ಹಿಡಿದಿದ್ದಾನೆ, ಇವನು ಬಿಡಿಸಿಕೊಳ್ಳಲು ಗಿರಕ್ಕನೆ ತಿರುಗಿದ್ದಾನೆ, ಪಾದ ಒಳಕ್ಕೆ ಮಡಚಿದೆ. ಮೂರು ವಾರಕ್ಕೆ ಊತ ಇಳಿಯಿತು. ‘ನೋವಿಲ್ಲ ಅಕ್ಕಾ’ ಅಂದ. ಫೈನಲ್ ಹತ್ತಿರ ಇತ್ತು, ಕೋಚ್‌ದು ದಿನಕ್ಕೆರಡು ಫೋನು. ನಾನೂ ಹ್ಞೂಂ ಅಂದುಬಿಟ್ಟೆ. ಎರಡನೇ ರೈಡ್‌ನಲ್ಲಿ ಯಾರೂ ಮುಟ್ಟದೆಯೇ ಬಿದ್ದ. ತಪ್ಪು ನನ್ನದೇ. ಕಣ್ಣು ಮುಚ್ಚಿಸಿ ಒಂಟಿ ಕಾಲಲ್ಲಿ ನಿಲ್ಲಿಸಿ ನೋಡಿರಲೇ ಇಲ್ಲ. ಮೂಳೆ ಮೂಳೆಗಳನ್ನು ಹಿಡಿದಿಡುವ ಪಟ್ಟಿಗೆ, ಅಂದರೆ ಲಿಗಮೆಂಟಿಗೆ ಪೆಟ್ಟಾದಾಗ, ಪಾದ ಎತ್ತ ವಾಲುತ್ತಿದೆ ಎಂದು ಸುದ್ದಿ ಮುಟ್ಟಿಸುವ ನರಗಳೂ ಮಂಕಾಗುತ್ತವೆ. ಊತ ಇಳಿದ ಮಾತ್ರಕ್ಕೆ ಅವು ಚುರುಕಾಗುವುದಿಲ್ಲ. ನಿಮ್ಮ ಮೂರು ಸಲದ ಉಳುಕಿನ ಹಿಂದೆಯೂ ಇದೇ ಇರಬಹುದು.

ಹಾಗಾಗಿ ನನ್ನ ದಿನ ಕಳೆಯುವುದು ಒಂಟಿ ಕಾಲಲ್ಲಿ ನಿಂತವರತ್ತ ಚೆಂಡು ಎಸೆಯುವುದರಲ್ಲಿ, ಹಿಮ್ಮಡಿ ಎತ್ತಿಸಿ ಎಣಿಸುವುದರಲ್ಲಿ, ದೊಡ್ಡ ದೊಡ್ಡ ಆಟಗಾರರನ್ನು ಕುಂಟೆಬಿಲ್ಲೆಯ ಹಾಗೆ ಕುಂಟಿಸುವುದರಲ್ಲಿ. ‘ಇನ್ನೂ ಬೇಡ’ ಅಂದು ಕೋಚ್ ಹತ್ತಿರ ಬೈಸಿಕೊಳ್ಳುವುದೂ ಇದ್ದೇ ಇದೆ.

ನಾನು ಓದುವಾಗ ಬಿಪಿಟಿ (ಫಿಸಿಯೋಥೆರಪಿ ಪದವಿ) ನಾಲ್ಕು ವರ್ಷ, ಆರು ತಿಂಗಳು ಇಂಟರ್ನ್‌ಶಿಪ್, ಆಮೇಲೆ ಎಂಪಿಟಿ (ಸ್ನಾತಕೋತ್ತರ ಪದವಿ) ಎರಡು ವರ್ಷ. ಈಗಿನ ನಿಯಮ ಕಾಲೇಜಿನಲ್ಲೇ ಕೇಳಿಕೊಳ್ಳಿ. ಹೋದ ತಕ್ಷಣ ಆಟಗಾರರು ಸಿಗುತ್ತಾರೆ ಅಂದುಕೊಳ್ಳಬೇಡಿ. ನನಗೆ ಸಿಕ್ಕಿದ್ದು ಲಕ್ವ ಹೊಡೆದವರು, ಮಂಡಿನೋವಿನ ಅಜ್ಜಂದಿರು. ಶುರುವಿನಲ್ಲಿ ಸಂಬಳವೂ ಅಷ್ಟಕ್ಕಷ್ಟೇ. ಭಾನುವಾರ ರಜೆ ಇಲ್ಲ, ಪಂದ್ಯ ಜಾಸ್ತಿ ಇರೋದೇ ಆವತ್ತು ಅಲ್ವಾ!

ಈಗ ನಿಮ್ಮ ಕಾಲಿಗೆ ಬರೋಣ. ಕಣಕಾಲು ಎಷ್ಟು ಬಾಗುತ್ತದೆ ಅಂತ ನೋಡಬೇಕು. ಗೋಡೆಗೆ ಮುಖ ಮಾಡಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗಿದರೆ ಪಾದವನ್ನು ಒಂಚೂರು ಹಿಂದೆ ಸರಿಸಿ ಮತ್ತೆ ತಾಗಿಸಿ. ಹಿಮ್ಮಡಿ ಇನ್ನೇನು ಏಳಬೇಕು ಅನ್ನುವಲ್ಲಿ ನಿಲ್ಲಿಸಿ, ಹೆಬ್ಬೆರಳಿಂದ ಗೋಡೆಗೆ ಎಷ್ಟು ದೂರ ಅಂತ ಅಳೆಯಿರಿ. ಎರಡೂ ಕಾಲಿನ ಅಳತೆ ಬರೆದು ಕಳಿಸಿ. ಟೇಪು ಹಿಡಿಯೋಕೆ ಅಪ್ಪನನ್ನೇ ಕರೆಯಿರಿ.